ಚಿಕ್ಕಣ್ಣನ ಕೂಗು

ಕೋಣನ ಮುಂದೆ ಕಿನ್ನರಿ ಬಾರಿಸಬೇಡ ಅಂತ ಹಿರಿಯರು ಹೇಳಿದ್ದಾರೆ. ಕುರಿಯ ಮುಂದೆ ಕುನ್ನಿ ಕೂರಿಸಬೇಡ ಅಂತ ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೆ ಅತ್ತಿಗುಪ್ಪೆಯ ಪುರುಷೋತ್ತಮ ಆ ಚಳಿಗಾಲವನ್ನು ಬೆಚ್ಚಗೆ ಹೊದ್ದುಕೊಂಡು ಕಳೆಯುತ್ತಿದ್ದ. ಇದು ನಡೆದ ಕಥೆ. ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು, ಆದರೂ ನಿಜ.

ಎಪ್ಪತ್ತರ ದಶಕದ ಮಾತು. ವಿಜಯನಗರದ ಈಚೆಗೆ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ ಇದ್ದವು. ಬೆಳಿಗ್ಗೆ ಆ ಕಲ್ಲುಗಳ ನಡುವೆ ಗುಮಾಸ್ತರು ಬಿ.ಟಿ.ಎಸ್. ಬಸ್ಸಿಗೆ ಓಡುತ್ತಿದ್ದರು, ಅದೇ ಕಲ್ಲುಗಳ ನಡುವೆ ಕುರಿಗಳು ಮೇಯುತ್ತಿದ್ದವು. ಪುರುಷೋತ್ತಮ ಓಡುವವರ ಪೈಕಿ. ಅಕೌಂಟ್ಸ್ ಸೆಕ್ಷನ್ನಿನಲ್ಲಿ ಕೆಲಸ, ಊರ ಹಿರಿಯ ನಂಜುಂಡಪ್ಪನವರ ಹಿತ್ತಿಲ ಮನೆಯಲ್ಲಿ ಬಾಡಿಗೆ, ಮನೆಯಲ್ಲಿ ಹೆಂಡತಿ ಪ್ರಭಾ, ಗಂಟಲಲ್ಲಿ ಇಡೀ ಊರು. ಕಂಡಕ್ಟರು, ರೇಡಿಯೋದ ವಾರ್ತೆಯವರು, ರೇಷನ್ ಅಂಗಡಿಯವರು, ಯಾರ ದನಿ ಬೇಕಾದರೂ ಅವನ ಬಾಯಲ್ಲಿ ಹಾಜರ್. ಒಮ್ಮೆ ಸೂಪರಿಂಟೆಂಡೆಂಟರ ದನಿಯಲ್ಲಿ ಇಡೀ ಸೆಕ್ಷನ್ನಿಗೆ ಅರ್ಧ ದಿನ ರಜೆ ಕೊಟ್ಟಿದ್ದನಂತೆ.

ಅವನ ನಾಯಿ ಮುಧೋಳದ ಕಡೆಯದು. ಉದ್ದ ಮೂತಿ, ಉದ್ದ ಕಾಲು, ಅದಕ್ಕಿಂತ ಉದ್ದ ಬಾಲ, ಹಾಗಾಗಿ ಬಾಲರಾಜ. ಮೊಲದ ಬೆನ್ನು ಹತ್ತುವ ಕುಲ. ನಾಯಿಗೆ ವಂಶವಿತ್ತು, ವಶವಿರಲಿಲ್ಲ. ಓಡುವ ಯಾವುದನ್ನು ಕಂಡರೂ ತಾನೂ ಓಡುತ್ತಿತ್ತು. ದಸರಾ ಕಳೆದ ಮೇಲೆ ಒಂದು ದಿನ ಸರಪಳಿ ಕಿತ್ತುಕೊಂಡು ನಂಜುಂಡಪ್ಪನವರ ಕುರಿಮಂದೆಗೆ ನುಗ್ಗಿತು. ಕಚ್ಚಲಿಲ್ಲ. ಓಡಿಸಿತು, ಅಷ್ಟೇ. ಓಡಿದ ಗಬ್ಬದ ಕುರಿಯೊಂದು ಕಲ್ಲುಗಣಿಯ ಹಳ್ಳಕ್ಕೆ ಬಿದ್ದು ಸತ್ತಿತು.

ನಂಜುಂಡಪ್ಪನವರು ಕೂಗಾಡುವ ಆಸಾಮಿಯಲ್ಲ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ ತೀರ್ಪು ಹೇಳಿದರು. ಸಂಕ್ರಾಂತಿಯೊಳಗೆ ಆ ನಾಯಿ ಕುರಿಗಳ ನಡುವೆ ಸುಮ್ಮನಿರುವುದನ್ನು ಕಲಿಯಬೇಕು. ಕಲಿಯದಿದ್ದರೆ ಕೆಂಗೇರಿ ಆಚೆಯ ಜಲ್ಲಿ ಕ್ರಷರಿಗೆ ಹೋಗುವ ಲಾರಿಗೆ ಹತ್ತಿಸುವುದು. ಅಲ್ಲಿಗೆ ಹೋದ ನಾಯಿ ಏನಾಗುತ್ತದೆ ಅಂತ ಪುರುಷೋತ್ತಮ ಕೇಳಲಿಲ್ಲ. ಮಕ್ಕಳಿಲ್ಲದ ಮನೆ. ಪ್ರಭಾ ಆ ಸಂಜೆ ನಾಯಿಯ ತಟ್ಟೆಗೆ ತುಪ್ಪ ಹಾಕಿದಳು.

ಕಲಿಸುತ್ತೇನೆ ಅಂತ ಮುಂದೆ ಬಂದವನು ನಂಜುಂಡಪ್ಪನವರ ಅಣ್ಣನೇ. ಹೆಸರು ಚಿಕ್ಕಣ್ಣ, ವಯಸ್ಸಿನಲ್ಲಿ ಮನೆಗೆಲ್ಲ ದೊಡ್ಡಣ್ಣ. ಜಮೀನಿನ ವ್ಯವಹಾರವನ್ನೆಲ್ಲ ತಮ್ಮನಿಗೆ ಬಿಟ್ಟು ಕುರಿಗಳನ್ನು ತಾನು ಇಟ್ಟುಕೊಂಡವನು. ಅವನ ಪಾಠದಲ್ಲಿ ಹೊಡೆತವಿರಲಿಲ್ಲ, ಬೈಗುಳವೂ ಇರಲಿಲ್ಲ. ನಾಯಿಯ ಕುತ್ತಿಗೆಗೆ ಹಗ್ಗ ಹಾಕಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು, ರೊಪ್ಪದೊಳಗೆ ಕುರಿಗಳ ನಡುವೆ ಕಂಬಳಿ ಹೊದ್ದು ಸುಮ್ಮನೆ ಕೂರುತ್ತಿದ್ದ. ನಾಯಿ ಎಳೆಯಿತೋ, ಎದ್ದು ಬೆನ್ನು ತಿರುಗಿಸಿ ದೂರ ನಡೆಯುತ್ತಿದ್ದ. ನಾಯಿ ಕುರಿಯಿಂದ ನೋಟ ಕಿತ್ತಿತೋ, ಮತ್ತೆ ಹತ್ತಿರ ಕೂರುತ್ತಿದ್ದ. ಮುದ್ದೆ ಹಾಕುತ್ತಿದ್ದದ್ದೂ ಅಲ್ಲೇ, ಟಗರಿನ ಮೂಗಿನ ಕೆಳಗೆ. ಬೇಟೆ ನಾಯಿಗೆ ಕುರಿ ಅಂದರೆ ಬೇಜಾರು ಬರುವ ತನಕ ಕೂರಿಸಬೇಕು, ಆಕಳಿಸಿದ ದಿನ ಅರ್ಧ ಪಾಠ ಮುಗೀತು ಅನ್ನುತ್ತಿದ್ದ. ನಾಯಿಯ ಮೈ ಬಿಗಿದುಕೊಂಡಾಗ ಒಂದು ಕೂಗು ಹಾಕುತ್ತಿದ್ದ: ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಒಂದು ಅದಿರು, ಅದರ ಹಿಂದೆ ಎಳೆದು ಬಿಟ್ಟ 'ಹೋ...', ಕೊನೆಗೆ ಬೀಡಿಯ ಕೆಮ್ಮು. ಕುರಿಗಳಿಗೆ ಆ ಕೂಗು ಅಂದರೆ 'ಇಲ್ಲಿದ್ದೀನಿ'. ಬಾಲರಾಜನಿಗೆ 'ಕೂತ್ಕೋ'.

ಕಾರ್ತಿಕ ಮುಗಿಯುವ ಹೊತ್ತಿಗೆ ಬಾಲರಾಜ ಆಕಳಿಸಿತು. ಹಗ್ಗ ಬಿಚ್ಚಿ ಮಂದೆಯ ಜೊತೆ ಕರೆದೊಯ್ಯುವ ಹಂತ ಬಂತು. ಅಂಥ ಒಂದು ದಿನ ಸಂಜೆ ನಾಗರಬಾವಿ ಕಡೆಯ ಬೀಳುಭೂಮಿಯಿಂದ ಕುರಿಗಳು ತಾವೇ ಮನೆಗೆ ಬಂದವು. ಹಿಂದೆ ಯಾರೂ ಇರಲಿಲ್ಲ. ಹುಡುಕಿಕೊಂಡು ಹೋದವರಿಗೆ ಹೊಂಗೆಮರದ ಕೆಳಗೆ ಚಿಕ್ಕಣ್ಣ ಸಿಕ್ಕಿದ, ಒರಗಿ ಕೂತ ಹಾಗೆಯೇ. ಎದೆ ನಿಂತಿತ್ತು. ಅವನ ಕಂಬಳಿಯ ಅಂಚಿನ ಮೇಲೆ ಮೂತಿಯಿಟ್ಟು ಬಾಲರಾಜ ಕೂತಿತ್ತು. ಏಳು ಅನ್ನುವವರೇ ಇಲ್ಲದ್ದರಿಂದ ಏಳಲಿಲ್ಲ.

ಆಮೇಲೆ ಆ ಮನೆಗೊಂದು ವಿಚಿತ್ರ ಮೌನ ಬಂತು. ಚಿಕ್ಕಣ್ಣನ ಹೆಂಡತಿ ಅಕ್ಕಯ್ಯಮ್ಮ ಬೆಳಿಗ್ಗೆ ರೊಪ್ಪದ ಬಾಗಿಲು ತೆಗೆದು ಕೋಲಿನಿಂದ ನೆಲ ತಟ್ಟುತ್ತಾ ಕುರಿ ಹೊಡೆದುಕೊಂಡು ಹೋಗುತ್ತಿದ್ದಳು. ಬಾಯಿಂದ ಒಂದು ಸೊಲ್ಲಿಲ್ಲ. ದುಃಖ ಅಂದುಕೊಂಡ ಪುರುಷೋತ್ತಮ. ಕುರಿಗಳೂ ಸರಿಯಾಗಿ ಮೇಯುತ್ತಿರಲಿಲ್ಲ. ಎರಡು ಬಾಯಿ ಹುಲ್ಲು ಕಿತ್ತು ತಲೆಯೆತ್ತಿ ಕಿವಿ ತಿರುಗಿಸಿ ನಿಲ್ಲುತ್ತಿದ್ದವು. ಬಾಲರಾಜನಂತೂ ಮತ್ತೆ ಮೊದಲಿನ ನಾಯಿ. ಕುರಿ ಕಂಡರೆ ಮೈಯೆಲ್ಲ ನಡುಕ, ಹಗ್ಗ ಕೈ ಕೊಯ್ಯುವಷ್ಟು ಎಳೆತ. ಪುರುಷೋತ್ತಮ ಕೂತ್ಕೋ ಅಂದ, ಗದರಿದ, ಬಿಸ್ಕತ್ತು ತೋರಿಸಿದ. ಅದು ಅವನ ಮುಖ ನೋಡಲಿಲ್ಲ. ಅವನ ಹೆಗಲ ಹಿಂದೆ ಯಾರನ್ನೋ ನೋಡಿತು. ಅವನೂ ತಿರುಗಿ ನೋಡಿದ. ಬರೀ ಬೇಲಿ.

ಸಂಕ್ರಾಂತಿ ಹತ್ತಿರವಾಗುತ್ತಿತ್ತು. ಅಣ್ಣನ ತಿಥಿ ಮುಗಿದ ಮರುದಿನ ಬೆಳಿಗ್ಗೆಯೇ ನೋಡಿಬಿಡೋಣ ಅಂತ ನಂಜುಂಡಪ್ಪನವರು ಹೇಳಿ ಕಳಿಸಿದರು. ದಾರಿ ಒಂದೇ ಇತ್ತು, ಅದು ಪುರುಷೋತ್ತಮನ ಗಂಟಲೊಳಗೇ ಇತ್ತು. ಪ್ರಭಾಳಿಗೆ ಹೇಳಿದಾಗ ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

"ಬದುಕಿರೋರ ದನಿ ಎಷ್ಟು ಬೇಕಾದ್ರೂ ತೆಗೀರಿ. ಸತ್ತೋರ ಗಂಟಲು ಇಸ್ಕೋಬೇಡಿ ರೀ. ವಾಪಸ್ ಕೊಡೋದು ಯಾರಿಗೆ?"

ಅವನು ನಕ್ಕುಬಿಟ್ಟ. ಆದರೂ ಅವಳ ಮಾತು ಕಿವಿಯಲ್ಲಿ ಕೂತಿತು.

ಮೊದಲ ಸಲ ಕೂಗಿದ್ದು ಬೀಳಿನಲ್ಲಿ, ಹೊತ್ತು ಇಳಿಯುವಾಗ. ಅಕ್ಕಯ್ಯಮ್ಮನ ಮಂದೆ ದೂರದಲ್ಲಿತ್ತು. ಪೊದೆಯ ಮರೆಯಲ್ಲಿ ಬಾಲರಾಜನ ಹಗ್ಗ ಹಿಡಿದು ನಿಂತ ಪುರುಷೋತ್ತಮ ನಾಲಿಗೆ ಒತ್ತಿ, ಅದಿರಿಸಿ, ಎಳೆದು ಬಿಟ್ಟ. ಕೆಮ್ಮು ತಾನಾಗೇ ಬಂತು. ನಾಯಿ ಹಿಂಗಾಲು ಮಡಿಸಿಕೊಂಡಿತು. ಸಂತೋಷಪಡಬೇಕು ಅನ್ನುವಷ್ಟರಲ್ಲಿ ದೂರದ ಮಂದೆ ಪೂರ್ತಿ, ಒಂದು ಮರಿಯೂ ಬಿಡದಂತೆ, ತಲೆಯೆತ್ತಿತು. ಆಮೇಲೆ ಕುರಿಗಳು ನಡೆಯತೊಡಗಿದವು, ಅವನ ಕಡೆಗೆ. ಓಡಲಿಲ್ಲ, ಕೂಗಲಿಲ್ಲ. ಕಾಯುತ್ತಿದ್ದವರು ಕರೆ ಬಂದಾಗ ಎದ್ದು ಬರುವ ಹಾಗೆ ಬಂದವು. ಅವುಗಳ ಹಿಂದೆ ಅಕ್ಕಯ್ಯಮ್ಮ ನಿಂತೇ ಇದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಪುರುಷೋತ್ತಮ ನಾಯಿಯನ್ನೆಳೆದುಕೊಂಡು ಬಗ್ಗಿ ಬಗ್ಗಿ ಮನೆ ಸೇರಿದ.

ಅಲ್ಲಿಂದಾಚೆ ದನಿ ಅವನ ಮಾತು ಕೇಳುವುದನ್ನು ಬಿಟ್ಟಿತು. ಬೇರೆಯವರ ದನಿಗಳೆಲ್ಲ ಬೇಕೆಂದಾಗ ಬಂದು ಬೇಡವೆಂದಾಗ ಹೋಗುತ್ತಿದ್ದವು. ಇದು ಹೋಗಲಿಲ್ಲ. ಸ್ನಾನ ಮಾಡುತ್ತಾ ಬಾಯಿ ಮುಕ್ಕಳಿಸಿದರೆ ಕೊನೆಗೆ ಬೀಡಿ ಕೆಮ್ಮು. ಅವನು ಜನ್ಮದಲ್ಲಿ ಬೀಡಿ ಸೇದಿದವನಲ್ಲ. ಆಫೀಸಿನ ಫೋನೆತ್ತಿ ಹಲೋ ಅಂದರೆ 'ಹೋ...' ಅಂತ ಎಳೆಯುತ್ತಿತ್ತು. ಒಂದು ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತವನಿಗೆ ತಾನು ಕೋಲಿನ ಮೇಲೆ ಒರಗುವವನ ಹಾಗೆ ಛತ್ರಿಯ ಮೇಲೆ ಒರಗಿ, ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ನಿಂತಿದ್ದೇನೆ ಅಂತ ಗೊತ್ತಾಯಿತು. ಎಷ್ಟು ಹೊತ್ತಿನಿಂದ ಅಂತ ಗೊತ್ತಾಗಲಿಲ್ಲ. ಬಸ್ಸು ಹೋಗಿಬಿಟ್ಟಿತ್ತು.

ಪ್ರಭಾ ಅವನು ಮಾತಾಡಿದಾಗಲೆಲ್ಲ ಒಮ್ಮೆ ಮುಖ ನೋಡಿಕೊಂಡು ಉತ್ತರ ಕೊಡುತ್ತಿದ್ದಳು. ಬಾಲರಾಜ ಮಾತ್ರ ಅವನ ಕಾಲಬುಡದಲ್ಲೇ ಮಲಗುತ್ತಿತ್ತು, ಹಿಂದೆಂದೂ ಇಲ್ಲದಷ್ಟು ನೆಮ್ಮದಿಯಾಗಿ.

ತಿಥಿ ಆಯಿತು. ಮರುದಿನ ಬೆಳಿಗ್ಗೆ ಮಂಜೋ ಮಂಜು. ಸೈಟಿನ ಕಲ್ಲುಗಳು ಒಂದೊಂದೇ ಹುಟ್ಟಿ ಒಂದೊಂದೇ ಕರಗುತ್ತಿದ್ದವು. ಮನೆಯ ಹಿಂದಿನ ಬಯಲಿನಲ್ಲಿ ನಂಜುಂಡಪ್ಪನವರು ಮಫ್ಲರ್ ಸುತ್ತಿಕೊಂಡು ನಿಂತರು. ಅತ್ತಿಗೆಗೆ ಮಂಡಿನೋವಂತೆ, ಹಾಗಾಗಿ ರೊಪ್ಪದ ಬಾಗಿಲನ್ನೂ ಅವರೇ ತೆಗೆದರು. ಪುರುಷೋತ್ತಮ ಮೊದಲೇ ಒಂದು ಸುಳ್ಳು ಹೂಡಿದ್ದ: ನಾನಿದ್ದರೆ ನಾಯಿ ಮುದ್ದಿಗೆ ಬರುತ್ತೆ, ಪ್ರಭಾನೇ ಬಿಡ್ತಾಳೆ, ನಾನು ಆಫೀಸಿಗೆ ಹೊರಟೆ ಅಂದಿದ್ದ. ಸತ್ತವನ ತಮ್ಮನ ಎದುರು ಸತ್ತವನ ದನಿ ತೆಗೆಯುವ ಧೈರ್ಯ ಅವನಿಗೂ ಇರಲಿಲ್ಲ. ಕತ್ತಾಳೆ ಬೇಲಿಯ ಹಿಂದೆ ಕುಕ್ಕರುಗಾಲಲ್ಲಿ ಕೂತ.

ಕುರಿಗಳು ಮಂಜಿನೊಳಗಿಂದ ಬಂದವು. ಪ್ರಭಾ ಹಗ್ಗ ಬಿಚ್ಚಿದಳು. ಬಾಲರಾಜನ ಬೆನ್ನು ಬಿಲ್ಲಿನ ಹಾಗೆ ಬಾಗಿತು, ಕಿವಿ ಹಿಂದಕ್ಕೆ ಹೋಯಿತು. ಪುರುಷೋತ್ತಮ ನಾಲಿಗೆಯನ್ನು ಅಂಗುಳಕ್ಕೆ ಒತ್ತಿದ.

ಕೂಗು ಬಂತು. ಅವನ ಬಾಯಿಂದಲ್ಲ.

ಅವನ ಬೆನ್ನ ಹಿಂದಿನಿಂದ ಬಂತು. ಅದೇ ಅದಿರು, ಅದೇ ಎಳೆತ. ಪುರುಷೋತ್ತಮ ಬಾಯಿ ಮುಟ್ಟಿ ನೋಡಿಕೊಂಡ, ಮುಚ್ಚೇ ಇತ್ತು. ನಿಧಾನವಾಗಿ ತಿರುಗಿದ. ಮಂಜಿನಲ್ಲಿ ಚಿಕ್ಕಣ್ಣನ ಕಂಬಳಿ, ಚಿಕ್ಕಣ್ಣ ಹೊದೆಯುತ್ತಿದ್ದ ಹಾಗೆಯೇ ತಲೆಯ ಮೇಲಿನಿಂದ ಇಳಿಬಿಟ್ಟದ್ದು, ನಡೆದು ಬರುತ್ತಿತ್ತು. ಕೋಲು ನೆಲಕ್ಕೆ ತಾಗುವ ಸದ್ದು ಕೇಳಿಸುತ್ತಿತ್ತು. ಆಮೇಲೆ ಕೆಮ್ಮು.

ವಾಪಸ್ ತಗೊಳ್ಳೋಕೆ ಬಂದಿದ್ದಾನೆ ಅನ್ನುವುದೊಂದೇ ಅವನಿಗೆ ಹೊಳೆದದ್ದು. ಕತ್ತಾಳೆ ಚುಚ್ಚಿದ್ದು ತಿಳಿಯಲಿಲ್ಲ, ಪ್ಯಾಂಟು ಹರಿದದ್ದು ತಿಳಿಯಲಿಲ್ಲ. ಬೇಲಿ ತೂರಿ, ನಾಲ್ಕು ಕಾಲಿನ ಮೇಲೆ, ಬಾಯಲ್ಲಿ ಯಾರ ದನಿಯೂ ಇಲ್ಲದೆ, ನೇರ ಕುರಿಮಂದೆಯ ನಡುವೆ ಹೋಗಿ ಬಿದ್ದ. ಮಂದೆ ಚೆದುರಿ ಹೋಯಿತು. ಬಾಲರಾಜನ ಮೂತಿಯ ಮುಂದೆಯೇ ಕುರಿಗಳು ಎಡಕ್ಕೂ ಬಲಕ್ಕೂ ನೆಗೆದವು, ಒಂದು ಅದರ ಬೆನ್ನಿನ ಮೇಲಿಂದಲೇ ಹಾರಿತು. ಮತ್ತೊಮ್ಮೆ ಕೂಗು ಬಂತು, ಈ ಸಲ ಮೆತ್ತಗೆ. ಕುರಿ ಓಡಿತು, ಪುರುಷೋತ್ತಮ ಓಡಿದ, ಓಟದ ನಾಯಿಯೊಂದು ಮಾತ್ರ ಕೂತೇ ಇತ್ತು. ನಡುಗುತ್ತಿತ್ತು, ಆದರೆ ಕೂತಿತ್ತು.

ನಂಜುಂಡಪ್ಪನವರು ಅಣ್ಣಾ ಅಂತ ಕೈ ಮುಗಿದುಬಿಟ್ಟಿದ್ದರು. ಕಂಬಳಿ ಹತ್ತಿರ ಬಂದು ತಲೆಯ ಮೇಲಿನ ಮಡಿಕೆ ಸರಿಸಿದ ಮೇಲೆ ಅತ್ತಿಗೆ ಅಂತ ಗೊತ್ತಾಗಿ ಕೈ ಎಲ್ಲಿಡುವುದೆಂದು ತೋಚದೆ ಮಫ್ಲರ್ ಬಿಗಿ ಮಾಡಿಕೊಂಡರು.

ಅಕ್ಕಯ್ಯಮ್ಮ ಪುರುಷೋತ್ತಮನ ಎದುರು ಕೋಲೂರಿ ನಿಂತಳು.

"ಹೆದರ್ಕೊಂಡ್ರಾ ಸಾಮಿ? ನಾನೂ ಹಂಗೇ ಹೆದರ್ದೆ. ನಿಮ್ಮ ಬಚ್ಚಲ ಗೋಡೆ ಆಚೆಗೇ ನಮ್ ರೊಪ್ಪ. ಬೆಳಿಗ್ಗೆ ಕಸ ಹೊಡೀತಿದ್ದೆ, ನಮ್ಮೋರು ಕೂಗಿದ್ರು. ಪೊರಕೆ ಬಿಸಾಕಿ ಬಾಗಿಲಿಗೆ ಓಡ್ದೆ. ಆಮ್ಯಾಕೆ ಅದೇ ದನೀಲಿ, ಪ್ರಭಾ, ಟವಲ್ ಕೊಡೇ, ಅಂದ್ರು."

ಅವಳು ಕಣ್ಣೊರೆಸಿಕೊಂಡಳು. ನಗುವೋ ಅಳುವೋ ಮಂಜಿನಲ್ಲಿ ತಿಳಿಯುವಂತಿರಲಿಲ್ಲ. ಆಮೇಲೆ ಹೇಳಿದ್ದನ್ನು ಪುರುಷೋತ್ತಮ ನೆಲದ ಮೇಲೆ ಕೂತೇ ಕೇಳಿದ. ಅವರ ಮನೆಯಲ್ಲಿ ಕುರಿಯವನು ಸತ್ತರೆ ತಿಥಿ ಆಗುವ ತನಕ ಯಾರೂ ಮಂದೆಯನ್ನು ಕೂಗಿ ಕರೆಯುವಂತಿಲ್ಲ. ಕೂಗಿದರೆ ಕುರಿಯ ಜೊತೆ ಕುರಿಯವನೂ ತಿರುಗುತ್ತಾನೆ, ಹೋಗಬೇಕಾದ ಕಡೆ ಹೋಗುವುದಿಲ್ಲ. ತಿಥಿ ಆದ ಮೇಲೆ ಮೊದಲ ಕೂಗು ಹೆಂಡತಿಯದು. ಆ ಕೂಗಿನಿಂದ ಮಂದೆ ಅವಳದಾಗುತ್ತದೆ. ಬೀಳಿನಲ್ಲಿ ಪೊದೆಯೊಳಗಿಂದ ದನಿ ಬಂದಾಗ ಉತ್ತರ ಕೊಡಲಾರದೆ ಅವಳು ತುಟಿಯಲ್ಲೇ ಕೂಗು ತಡೆದು ನಿಂತಿದ್ದಳು. ಇವತ್ತು ಆ ಮೊದಲ ಕೂಗನ್ನೂ ಎಲ್ಲಾದರೂ ಅಡಗಿ ಕೂತು ಇವನು ಕದ್ದಾನು ಅಂತ ಮಂಡಿನೋವಿನ ನೆಪ ಹೇಳಿ ಮುಂಚೆಯೇ ಬಂದು ಕಾದಿದ್ದಳು.

"ಬರುತ್ತೋ ಇಲ್ವೋ ಅಂತಿದ್ದೆ," ಅಂದಳು. "ಬಂತು. ನಂದೇ ಗಂಟ್ಲಲ್ಲಿ ಬಂತು."

ತಪ್ಪಾಯಿತು ಅಂತ ಪುರುಷೋತ್ತಮ ಬಾಯಿ ತೆರೆದ. ಬಂದದ್ದು ಅವನದೇ ದನಿ, ತೆಳ್ಳಗೆ, ಸ್ವಲ್ಪ ಮೂಗಿನಲ್ಲಿ. ಅದನ್ನು ಕೇಳಿ ಅವನಿಗೇ ಆಶ್ಚರ್ಯವಾಯಿತು.

ನಂಜುಂಡಪ್ಪನವರು ನಾಯಿಯನ್ನು ನೋಡಿದರು, ಬಾಡಿಗೆದಾರನನ್ನು ನೋಡಿದರು, ಚೆದುರಿದ ಕುರಿಗಳನ್ನು ನೋಡಿದರು.

"ನಾಯಿ ಕಲಿತಿದೆ, ಇರ್ಲಿ," ಅಂದರು. "ಇವರನ್ನ ಒಂದೆರಡು ತಿಂಗಳು ರೊಪ್ಪದಲ್ಲಿ ಕಟ್ಟಾಕಿ ಅತ್ತಿಗೆ. ಆಕಳಿಸೋ ತನಕ."

ಪ್ರಭಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಪ್ರಯೋಜನವಾಗಲಿಲ್ಲ. ಅಕ್ಕಯ್ಯಮ್ಮ ಕೋಲಿನ ಮೇಲೆ ಬಾಗಿ, ಹೆಗಲು ಕುಲುಕುವಂತೆ ನಕ್ಕಳು. ಅವಳು ಆ ಮನೆಯಲ್ಲಿ ನಗಬಹುದಾದ ಮೊದಲ ದಿನ ಅದು. ನಂಜುಂಡಪ್ಪನವರು ಕೂಡ ಮಫ್ಲರಿನೊಳಗೆ ಗುಡುಗಿದರು. ಪುರುಷೋತ್ತಮ ಮೈತುಂಬ ಮುಳ್ಳು, ಹರಿದ ಪ್ಯಾಂಟು, ಕುರಿಹಿಕ್ಕೆಯ ನಡುವೆ ಕೂತವನು, ಒಂಟೆ ಸೀನಿದ ಹಾಗಿರುವ ಒಂದು ನಗೆಯನ್ನು ಹೊರಗೆ ಬಿಟ್ಟ. ಅಂಥ ನಗೆಯನ್ನು ಅತ್ತಿಗುಪ್ಪೆಯಲ್ಲಿ ಯಾರೂ ಕೇಳಿರಲಿಲ್ಲ. ಅದು ಎಷ್ಟು ಜೋರಾಗಿತ್ತು ಅಂದರೆ, ಚೆದುರಿದ್ದ ಕುರಿಗಳು ಮಂಜಿನಲ್ಲಿ ಇನ್ನೂ ಸ್ವಲ್ಪ ದೂರ ಓಡಿದವು.