ಬಂಡೆ ಸಾಹೇಬರ ಬಾಲದ ಮೂಳೆ

ಜಡ್ಜ್ ಸಾಹೇಬರು ಎದ್ದರೆ ಇಡೀ ಕೋರ್ಟೇ ಏಳಬೇಕು. ವಕೀಲರು, ಕಕ್ಷಿದಾರರು, ಪೊಲೀಸರು, ಕೈಗೆ ಕೋಳ ಹಾಕಿಸಿಕೊಂಡ ಕಳ್ಳ, ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿರುವ ಯಾರದೋ ಅಜ್ಜಿ, ಎಲ್ಲರೂ ದಡಬಡ ಎದ್ದು ನಿಲ್ಲಬೇಕು. ಎದ್ದ ಸಾಹೇಬರು ಒಳಗೆ ಹೋದರೆ ಕಲಾಪ ಅಲ್ಲಿಗೆ ನಿಂತಿತು ಎಂದೇ ಲೆಕ್ಕ. ಹಾಗಾಗಿ ಮೈ ಮುರಿಯಬೇಕು ಅನ್ನಿಸಿದರೂ ಸಾಹೇಬರು ಏಳುವಂತಿಲ್ಲ. ಅವರು ಹುಟ್ಟಿದ್ದೇ ಕೂರುವುದಕ್ಕೆ. ಅವರ ಕುರ್ಚಿಯ ಹಿಂದೆ ನಿಲ್ಲುವುದಕ್ಕೆ ಹುಟ್ಟಿದವನು ದಫೇದಾರ.

ದಫೇದಾರನ ಕೆಲಸ ಇಷ್ಟೇ. ಸಾಹೇಬರು ಬರುವಾಗ ಮುಂದೆ ಮುಂದೆ ನಡೆದು "ಎಲ್ಲಾ ಏಳ್ರೀ!" ಎಂದು ಕೂಗಬೇಕು, ಕುರ್ಚಿ ಎಳೆದು ಕೊಡಬೇಕು, ಆಮೇಲೆ ಸಂಜೆಯವರೆಗೆ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿರಬೇಕು. ನಿಂತೂ ನಿಂತೂ ಅವನ ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದವು. ನಿವೃತ್ತಿ ಹತ್ತಿರ ಬಂದಿತ್ತು. ಎದೆಯ ಮೇಲಿನ ಹಿತ್ತಾಳೆ ಬಿಲ್ಲೆಯನ್ನು ಮರ್ಯಾದೆಯಾಗಿ ಬಿಚ್ಚಿಟ್ಟು, ಪಿಂಚಣಿ ತೆಗೆದುಕೊಂಡು, ಮನೆಯ ಜಗುಲಿಯ ಮೇಲೆ ಕಾಲು ಚಾಚಿ ಕೂತರೆ ಸಾಕಾಗಿತ್ತು ಅವನಿಗೆ.

ಸಾಹೇಬರಿಗೆ ವಕೀಲರು ಇಟ್ಟ ಹೆಸರು ಬಂಡೆ. ಬೆಳಿಗ್ಗೆ ಕೂತರೆ ಊಟದ ಹೊತ್ತಿನವರೆಗೆ ಅಲ್ಲಾಡುತ್ತಿರಲಿಲ್ಲ. ಬೇರೆಯವರು ಅಲ್ಲಾಡಿದರೂ ಸಹಿಸುತ್ತಿರಲಿಲ್ಲ. ಮಂಡಿ ನೋವು, ಕೂತು ಸಾಕ್ಷಿ ಹೇಳಲೇ ಎಂದು ಕೇಳಿದ ಮುದುಕನಿಗೆ "ಇದು ನ್ಯಾಯಾಲಯ, ನಿಮ್ಮ ಮನೆ ಪಡಸಾಲೆ ಅಲ್ಲ" ಎಂದು ಗದರಿಸಿದವರು. ಅಂಥ ಬಂಡೆ ಒಂದು ದಿನ ಎಡಕ್ಕೆ ವಾಲಿತು.

ಅದನ್ನು ಮೊದಲು ಕಂಡವನು ದಫೇದಾರನೇ. ಸಾಹೇಬರ ಬೆನ್ನನ್ನು ಅವನಷ್ಟು ಸಾಹೇಬರ ಹೆಂಡತಿಯೂ ನೋಡಿರಲಿಕ್ಕಿಲ್ಲ. ಸ್ವಲ್ಪ ಹೊತ್ತು ಎಡಕ್ಕೆ, ಸ್ವಲ್ಪ ಹೊತ್ತು ಬಲಕ್ಕೆ, ನಡುನಡುವೆ ಕುರ್ಚಿಯ ಕೈ ಹಿಡಿದು ಮೈಯನ್ನು ಮೇಲಕ್ಕೆ ಎತ್ತಿಕೊಂಡು ಒಂದು ನಿಟ್ಟುಸಿರು. ವಕೀಲರು ಇದಕ್ಕೆ ತಮ್ಮದೇ ಅರ್ಥ ಹಚ್ಚಿದರು. ಉದ್ದ ಕತ್ತಿನ, ಎಲ್ಲಿ ಬೇಕಾದರೂ ಇಣುಕುವ ಕೊಕ್ಕರೆ ವಕೀಲನಂತೂ ಸಾಹೇಬರು ಎಡಕ್ಕೆ ವಾಲಿದಾಗಲೆಲ್ಲ ಎಡಗಡೆ ನಿಂತ ತನ್ನ ಕಕ್ಷಿದಾರನಿಗೆ ಕಣ್ಣು ಹೊಡೆಯುತ್ತಿದ್ದ. "ಗೆದ್ವಿ ಕಣಯ್ಯಾ, ನಮ್ಮ ಕಡೆ ವಾಲಿದ್ದಾರೆ." ಮರುಕ್ಷಣ ಸಾಹೇಬರು ಬಲಕ್ಕೆ ವಾಲಿದರೆ ಇವನ ಮುಖಕ್ಕೆ ಗ್ರಹಣ.

ಕೊನೆಗೆ ಒಂದು ಮಧ್ಯಾಹ್ನ ಸಾಹೇಬರು ತಮ್ಮ ಕೋಣೆಯ ಬಾಗಿಲು ಹಾಕಿಸಿ, ಮೇಜಿನ ಮೇಲೆ ಎರಡೂ ಕೈಯೂರಿ ನಿಂತು, ಕೊಲೆ ಒಪ್ಪಿಕೊಳ್ಳುವವರ ದನಿಯಲ್ಲಿ ಹೇಳಿದರು.

"ನೋವು ಕಣೋ."

"ಎಲ್ಲಿ ಸ್ವಾಮಿ?"

ಸಾಹೇಬರು ಕಿಟಕಿಯ ಕಡೆ ನೋಡಿದರು. "ಹಿಂದೆ. ಡಾಕ್ಟರು ಬಾಲದ ಮೂಳೆ ಅಂತಾರೆ. ನನಗೆಲ್ರೀ ಬಾಲ ಅಂದೆ. ಬಾಲ ಉದುರಿ ಹೋಗಿದೆ ಸಾರ್, ಬುಡ ಉಳಿದಿದೆ, ಕೂತೂ ಕೂತೂ ಅದನ್ನೇ ಅರೆದಿದ್ದೀರಿ ಅಂದ್ರು. ಅರ್ಧ ಗಂಟೆಗೊಂದ್ಸಲ ಎದ್ದು ಓಡಾಡಬೇಕಂತೆ. ನಾನು ಅರ್ಧ ಗಂಟೆಗೊಂದ್ಸಲ ಎದ್ರೆ ಕೋರ್ಟಿನ ಗತಿ ಏನು? ಬಂಡೆಗೆ ಮೂಲವ್ಯಾಧಿ ಅಂತ ಸಂಜೆಯೊಳಗೆ ಊರೆಲ್ಲ ಹಬ್ಬಿಸ್ತಾರೆ. ಈ ವಿಷಯ ನಿನ್ನ ಹೊಟ್ಟೆಯಲ್ಲೇ ಇರ್ಲಿ."

ದಫೇದಾರ ಬಿಲ್ಲೆ ಮುಟ್ಟಿ ಆಣೆ ಮಾಡಿದ. ಅಲ್ಲಿಗೆ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಸಲಹೆ ಕೊಡುವ ಚಪಲ ಯಾರನ್ನು ಬಿಟ್ಟಿದೆ? ಔಷಧಿ ಅಂಗಡಿಯಲ್ಲಿ ಗಾಳಿ ತುಂಬುವ ರಬ್ಬರಿನ ಚಕ್ರ ಸಿಗುತ್ತದೆ, ನಡುವೆ ತೂತು ಇರುತ್ತದೆ, ಅದರ ಮೇಲೆ ಕೂತರೆ ನೋಯುವ ಜಾಗ ತೂತಿನಲ್ಲಿ ತೇಲುತ್ತದೆ ಎಂದು ತಾನೇ ಹೇಳಿ, ತಾನೇ ತರಲು ಹೋದ. ಅಂಗಡಿಯವನು ತುಂಬಿದ ಗಿರಾಕಿಗಳ ನಡುವೆ "ಯಾರಿಗ್ರೀ ಮೂಲವ್ಯಾಧಿ?" ಎಂದು ಕೂಗಿ ಕೇಳಿದ.

"ನನಗೇ" ಎಂದ ದಫೇದಾರ.

ಚಕ್ರವನ್ನು ಕುರ್ಚಿಯ ಮೇಲಿಟ್ಟು, ಮೇಲೆ ಹಸಿರು ಬಟ್ಟೆ ಹೊದಿಸಿ, ಮರುದಿನ ಸಾಹೇಬರನ್ನು ಕೂರಿಸಿದ್ದಾಯಿತು. ಬೆಳಿಗ್ಗೆಯೆಲ್ಲ ಸೊಗಸಾಗಿ ನಡೆಯಿತು. ಸಾಹೇಬರು ಎರಡಂಗುಲ ಎತ್ತರ ಬೆಳೆದಂತೆ ಕಂಡರು, ಒಬ್ಬನಿಗೆ ಜಾಮೀನೂ ಕೊಟ್ಟರು. ಮಧ್ಯಾಹ್ನ ಕೊಕ್ಕರೆ ವಕೀಲ ವಿಧವೆಯೊಬ್ಬಳ ಪರವಾಗಿ ವಾದ ಮಂಡಿಸುತ್ತ, ಗಂಟಲು ಕಟ್ಟಿಸಿಕೊಂಡು, "ಆಕೆಯ ಕಣ್ಣೀರನ್ನು ಒರೆಸುವವರು ಯಾರು ಮಹಾಸ್ವಾಮಿ?" ಎಂದು ಕೇಳಿ, ಪರಿಣಾಮ ಆಗಲಿ ಎಂದು ಮಾತು ನಿಲ್ಲಿಸಿದ. ಇಡೀ ಕೋರ್ಟು ಮೌನವಾಯಿತು. ಆ ಮೌನದಲ್ಲಿ ಚಕ್ರದ ಮುಚ್ಚಳ ಸಡಿಲವಾಯಿತು.

ಸಣ್ಣ ಸದ್ದಾಗಿದ್ದರೆ ಕೆಮ್ಮಿ ಮುಚ್ಚಬಹುದಿತ್ತು. ಇದು ಮೊದಲು ಪುಸ್ ಎಂದು ಶುರುವಾಗಿ, ಆಮೇಲೆ ದನಿ ಏರಿಸಿ, ಆಲಾಪ ತೆಗೆದು, ಕೊನೆಗೆ ಒಂದೆರಡು ಬಾರಿ ಪಟಪಟ ಎಂದು ಮುಗಿಯಿತು. ಸಾಹೇಬರು ಮೆಲ್ಲಗೆ ಎರಡಂಗುಲ ಇಳಿದರು. ಅವರ ಕಿವಿಗಳು ಹಿಂದಿನಿಂದ ಕೆಂಪಗಾದದ್ದು ದಫೇದಾರನೊಬ್ಬನಿಗೇ ಕಂಡಿತು. ಅವನಿಗೆ ಏನು ತೋಚಿತೋ, ಹೊಟ್ಟೆ ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದ.

"ತಪ್ಪಾಯ್ತು ಸ್ವಾಮಿ. ನಂದು."

ವಿಧವೆಯೂ ನಕ್ಕಳು. ಸಾಹೇಬರು ಮಾತ್ರ ಮುಖ ಗಂಟಿಕ್ಕಿ "ಹೊರಗೆ ಹೋಗಿ ಬಾ" ಎಂದರು. ಅಂದಿನಿಂದ ದಫೇದಾರನ ಹೆಸರು ಪುಸ್ ದಫೇದಾರ ಎಂದಾಯಿತು. ಕ್ಯಾಂಟೀನಿನಲ್ಲಿ ಅವನು ಬಂದರೆ ಕಿಟಕಿ ತೆರೆಯುತ್ತಿದ್ದರು. ಕೈಕೋಳದ ಕಳ್ಳರೂ ಅವನನ್ನು ನೋಡಿ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹೆಸರು ಮನೆಯವರೆಗೂ ನಡೆದು ಬಂತು. ಮೊಮ್ಮಗಳು ಶಾಲೆಯಿಂದ ಅಳುತ್ತ ಬಂದು "ತಾತ, ನೀನು ಕೋರ್ಟಲ್ಲಿ ಹೂಸು ಬಿಟ್ಯಂತೆ, ಹೌದಾ?" ಎಂದು ಕೇಳಿದ ದಿನ ಅವನು ಅನ್ನದ ತಟ್ಟೆ ಪಕ್ಕಕ್ಕೆ ಸರಿಸಿದ. ಹೆಂಡತಿಗೆ ಮಾತ್ರ ನಿಜ ಹೇಳಿದ. ಅವಳು ಸಾರಿನ ಸೌಟು ಹಿಡಿದೇ ಸೊಂಟದ ಮೇಲೆ ಕೈಯಿಟ್ಟಳು.

"ಅವರ ಕುಂಡಿ ಮುಚ್ಚೋಕೆ ನಿಮ್ಮ ಮಾನ ಬಿಚ್ಚಿ ಕೊಟ್ರಾ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಎಮ್ಮೆ ನೀವೇ ಕಣ್ರೀ."

"ಆಣೆ ಮಾಡಿದ್ದೀನಿ ಕಣೇ."

"ಆಣೆ ಮಾಡಿದ್ದು ಬಾಯಿ ಮುಚ್ಕೊಳ್ಳೋಕೆ. ಸುಳ್ಳು ಹೇಳೋಕಲ್ಲ."

ಅತ್ತ ಡಾಕ್ಟರು ಚಕ್ರದ ಕಥೆ ಕೇಳಿ ನಕ್ಕು, ತೂತಿನ ಚಕ್ರ ಬೇಡ, ಹಿಂಭಾಗದಲ್ಲಿ ಕತ್ತರಿಸಿ ತೆಗೆದ ಗಟ್ಟಿ ದಿಂಬು ಬೇಕು ಎಂದಿದ್ದರು. ಆಗ ಬಾಲದ ಬುಡ ಯಾವುದಕ್ಕೂ ತಾಗದೆ ಗಾಳಿಯಲ್ಲಿರುತ್ತದೆ. ಜೊತೆಗೆ ಏಳುವಾಗ ಮೊದಲು ಮುಂದಕ್ಕೆ ಬಾಗಬೇಕು, ರಾತ್ರಿ ಬಿಸಿನೀರಿನ ಚೀಲ ಇಟ್ಟುಕೊಳ್ಳಬೇಕು. ಸಾಹೇಬರ ಮನೆಯ ಅಮ್ಮಾವರು ಹಳೆಯ ಸೋಫಾದ ಹೊಟ್ಟೆ ಸೀಳಿ ದಿಂಬು ಹೊಲಿದು ಕಳಿಸಿದರು. ಆದರೆ ಕತ್ತರಿಸುವ ಜಾಗ ಎಲ್ಲಿ ಬರಬೇಕು? ಕೂತವರಿಗೆ ತಮ್ಮ ಹಿಂಭಾಗ ಕಾಣುವುದಿಲ್ಲ. ಊಟದ ವಿರಾಮದಲ್ಲಿ, ಕೋರ್ಟು ಖಾಲಿಯಾದ ಮೇಲೆ, ಸಾಹೇಬರು ದಿಂಬನ್ನು ತಮ್ಮ ಕುರ್ಚಿಯ ಮೇಲಿಟ್ಟು ಹೇಳಿದರು.

"ನೀನು ಕೂತ್ಕೋ. ನಾನು ಗುರುತು ಹಾಕ್ತೀನಿ."

"ಅಯ್ಯೋ, ಆ ಕುರ್ಚಿ ಮೇಲಾ? ಬೇಡ ಸ್ವಾಮಿ."

"ನನ್ನದೂ ನಿನ್ನದೂ ಒಂದೇ ಅಳತೆ. ಕೂರೋ ಅಂದ್ರೆ."

ದಫೇದಾರ ಕೂತ. ಎಂಥ ಕುರ್ಚಿ ಅದು! ಕಾಲಿನ ನರಗಳೆಲ್ಲ ಒಮ್ಮೆಲೇ ನಿಟ್ಟುಸಿರು ಬಿಟ್ಟವು. ಸುಖಕ್ಕೆ ಅವನ ಕಣ್ಣು ತಾನಾಗಿ ಮುಚ್ಚಿತು. ಸಾಹೇಬರು ಕೆಂಪು ಪೆನ್ಸಿಲ್ ಹಿಡಿದು, ಅವನ ಪಕ್ಕಕ್ಕೆ ಬಂದು, ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು. ಸರಿಯಾಗಿ ಅದೇ ಹೊತ್ತಿಗೆ ಬಾಗಿಲ ಪರದೆಯ ಸಂದಿಯಲ್ಲಿ ಒಂದು ಉದ್ದ ಕತ್ತು ಇಣುಕಿತು.

ಕೊಕ್ಕರೆ ಕಂಡದ್ದು ಇಷ್ಟು: ದಫೇದಾರ ಜಡ್ಜಿನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ದೇವರಂತೆ ಕೂತಿದ್ದಾನೆ, ಜಡ್ಜ್ ಸಾಹೇಬರು ಅವನ ಮುಂದೆ ಬಾಗಿ "ಇಲ್ಲೇನಾ, ಇನ್ನೂ ಸ್ವಲ್ಪ ಕೆಳಗಾ?" ಎಂದು ವಿನಯದಿಂದ ಕೇಳುತ್ತಿದ್ದಾರೆ. ಕೊಕ್ಕರೆ ಇತ್ತೀಚೆಗೆ ಸಾಲಾಗಿ ಸೋತಿದ್ದ. ಸೋಲಿಗೆ ಕಾರಣ ಈಗ ಸಿಕ್ಕಿತು. ಶಿಕ್ಷೆ ಎಷ್ಟು ಎಂದು ಬಂಡೆ ಕೇಳುವುದು ಪುಸ್ ದಫೇದಾರನನ್ನು, ಅವನು ಹೇಳಿದ್ದೇ ತೀರ್ಪು! ಕಡ್ಡಿ ಗುಡ್ಡವಾಗಲು ಸಂಜೆಯೂ ಬೇಕಾಗಲಿಲ್ಲ. ಕಕ್ಷಿದಾರರು ಹಣ್ಣಿನ ಬುಟ್ಟಿ ಹೊತ್ತು ದಫೇದಾರನ ಮನೆ ಹುಡುಕಿಕೊಂಡು ಬಂದರು. ಹೆಂಡತಿ ಪೊರಕೆ ಹಿಡಿದು ಓಡಿಸಿದಳು. ವಕೀಲರ ಸಂಘ ದೂರು ಬರೆಯಿತು. ವಿಚಾರಣೆಗೆಂದು ಮೇಲಿನ ಕೋರ್ಟಿನಿಂದ ದೊಡ್ಡ ಸಾಹೇಬರು ಬಂದಿಳಿದರು. ತಪ್ಪು ಸಾಬೀತಾದರೆ ದಫೇದಾರನ ಕೆಲಸ ಹೋಗುತ್ತದೆ, ಅದರ ಬೆನ್ನಿಗೆ ಪಿಂಚಣಿಯೂ ಹೋಗುತ್ತದೆ.

ವಿಚಾರಣೆಯ ದಿನ ಕೋರ್ಟು ಕಿಕ್ಕಿರಿದಿತ್ತು. ಪೀಠದ ಮೇಲೆ ದೊಡ್ಡ ಸಾಹೇಬರು. ಕೆಳಗೆ ಒಂದು ಬರಿ ಮರದ ಕುರ್ಚಿಯ ಮೇಲೆ ಬಂಡೆ ಸಾಹೇಬರು, ಬೆವರುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ. ದಿಂಬು ಅವರ ಕಾಲ ಬಳಿ ಚೀಲದಲ್ಲೇ ಇತ್ತು. ಅಷ್ಟು ಜನರ ಎದುರು ಅದನ್ನು ಹೊರಗೆ ತೆಗೆಯಲು ಅವರಿಗೆ ಧೈರ್ಯವಿರಲಿಲ್ಲ. ದಫೇದಾರ ಕಟಕಟೆಯಲ್ಲಿ. ಇಷ್ಟು ವರ್ಷ ಎಷ್ಟೋ ಜನರನ್ನು ಅಲ್ಲಿಗೆ ಹತ್ತಿಸಿದ್ದ. ಅಲ್ಲಿಂದ ಕೋರ್ಟು ಇಷ್ಟು ದೊಡ್ಡದಾಗಿ ಕಾಣುತ್ತದೆಂದು ಗೊತ್ತಿರಲಿಲ್ಲ.

"ಜಡ್ಜಿನ ಕುರ್ಚಿಯಲ್ಲಿ ಯಾಕೆ ಕೂತೆ?" ಎಂದರು ದೊಡ್ಡ ಸಾಹೇಬರು.

ದಫೇದಾರ ಬಂಡೆ ಸಾಹೇಬರ ಕಡೆ ನೋಡಿದ. ಅವರು ನೆಲ ನೋಡುತ್ತಿದ್ದರು. ಹೆಂಡತಿಯ ಮಾತು ನೆನಪಾಯಿತು, ಮೊಮ್ಮಗಳು ನೆನಪಾದಳು. ಹೇಳಿಬಿಡಲೇ ಎಂದು ಬಾಯಿ ತೆರೆದ. ಬಿಲ್ಲೆ ತಣ್ಣಗೆ ಎದೆಗೆ ತಾಗಿತು.

"ಆಸೆ ಆಯ್ತು ಸ್ವಾಮಿ. ಕಾಲು ನೋಯ್ತಿತ್ತು. ಕೂತುಬಿಟ್ಟೆ."

"ಜಡ್ಜು ನಿನ್ನ ಮುಂದೆ ಬಾಗಿದ್ರಂತೆ?"

"ಪೆನ್ಸಿಲ್ ಬಿದ್ದಿತ್ತು, ಎತ್ಕೊಳ್ತಿದ್ರು."

ಕೊಕ್ಕರೆ ಜೋರಾಗಿ ನಕ್ಕ. ಯಾರೋ ಹಿಂದಿನಿಂದ "ಪುಸ್" ಎಂದರು. ಆಗ ಬಂಡೆ ಸಾಹೇಬರು ಮುಂದಕ್ಕೆ ಬಾಗಿ, ಡಾಕ್ಟರು ಹೇಳಿಕೊಟ್ಟ ಹಾಗೆಯೇ, ಮೆಲ್ಲಗೆ ಎದ್ದು ನಿಂತರು. ಅಷ್ಟು ವರ್ಷಗಳ ಅಭ್ಯಾಸ. ಅವರು ಎದ್ದದ್ದೇ ತಡ ವಕೀಲರು, ಪೊಲೀಸರು, ಗುಮಾಸ್ತರು, ಜನ, ಎಲ್ಲರೂ ದಡಬಡ ಎದ್ದರು. ಪೀಠದ ಮೇಲೆ ದೊಡ್ಡ ಸಾಹೇಬರೂ ಎದ್ದರು. ಎದ್ದವರು ಯಾರಿಗೂ ಕಾಣದಂತೆ ಕೋಟಿನ ಹಿಂದೆ ಕೈ ಹಾಕಿ ಒತ್ತಿಕೊಂಡರು. ಅವರಿಗೂ ಒಂದು ನೆವ ಬೇಕಿತ್ತೇನೋ.

"ಇವನು ಸುಳ್ಳು ಹೇಳ್ತಿದ್ದಾನೆ" ಎಂದರು ಬಂಡೆ ಸಾಹೇಬರು.

ದಫೇದಾರ ಕಟಕಟೆಯ ಕಂಬಿ ಹಿಡಿದುಕೊಂಡ. ಮುಗಿಯಿತು ಎಂದುಕೊಂಡ.

"ಇವನಿಗೆ ಆಸೆ ಆಗ್ಲಿಲ್ಲ. ನಾನೇ ಕೂರಿಸಿದ್ದು. ನನಗೆ ಕುಂಡಿ ನೋವು."

ಟೈಪಿಸ್ಟರ ಬೆರಳುಗಳು ಗಾಳಿಯಲ್ಲೇ ನಿಂತವು. "ಏನಂತ ಹೊಡೀಲಿ ಸಾರ್?"

"ಬಾಲದ ಮೂಳೆ ಅಂತ ಹೊಡೀರಿ. ನೋಯೋದು ಮಾತ್ರ ಕುಂಡೀನೇ." ಅವರು ಚೀಲದಿಂದ ದಿಂಬು ತೆಗೆದು, ಕೆಂಪು ಗುರುತಿನಲ್ಲಿ ಕತ್ತರಿಸಿದ ಜಾಗ ಕಾಣುವಂತೆ ಎತ್ತಿ ಹಿಡಿದರು. "ಈ ದಿಂಬಿಗೆ ಅಳತೆ ತಗೊಳ್ತಿದ್ದೆ. ನಾನು ಬಗ್ಗಿ ನೋಡಿದ್ದು ಇವನ ಹಿಂಭಾಗಾನ. ತೀರ್ಪುಗಳೆಲ್ಲ ನನ್ನವೇ. ಕೊಕ್ಕ... ಈ ವಕೀಲರು ಸೋತಿದ್ದು ಇವರ ಸ್ವಂತ ಸಾಮರ್ಥ್ಯದಿಂದ."

ಬಂಡೆಯ ಕಿವಿಗಳು ಮತ್ತೆ ಕೆಂಪಾದವು. ಈ ಸಲ ಎಲ್ಲರಿಗೂ ಕಂಡಿತು.

"ಇನ್ನೊಂದು ಹೊಡ್ಕೊಳ್ಳಿ. ಅವತ್ತು ಇಲ್ಲಿ ಒಂದು ಸದ್ದು ಬಂತಲ್ಲ. ಅದು ಇವನದಲ್ಲ. ನನ್ನ ಕೆಳಗಿಂದ ಬಂದದ್ದು. ಆ ಹೆಸರು ಯಾರಿಗಾದ್ರೂ ಇಡ್ಲೇಬೇಕು ಅಂದ್ರೆ ನನಗೇ ಇಡಿ."

ನಗಬೇಕೋ ಬೇಡವೋ ಯಾರಿಗೂ ತಿಳಿಯಲಿಲ್ಲ. ದೊಡ್ಡ ಸಾಹೇಬರು ನಿಂತೇ "ದೂರು ವಜಾ" ಎಂದರು. ಆಮೇಲೆ ದನಿ ತಗ್ಗಿಸಿ, "ಆ ದಿಂಬು ಯಾರು ಹೊಲಿದದ್ದು?" ಎಂದು ಕೇಳಿದರು.

ದಫೇದಾರನಿಗೆ ಇದ್ಯಾವುದೂ ಸರಿಯಾಗಿ ಕೇಳಿಸಲಿಲ್ಲ. ಮೊಮ್ಮಗಳಿಗೆ ಹೋಗಿ ಏನು ಹೇಳಬೇಕು ಎಂಬುದನ್ನೇ ಯೋಚಿಸುತ್ತಿದ್ದ. ಕಣ್ಣು ತುಂಬಿ ಬಂದಿತ್ತು, ಕಟಕಟೆಯ ಕಂಬಿ ಬಿಟ್ಟರೆ ಬೀಳುವಂತಿದ್ದ. ಬಂಡೆ ಸಾಹೇಬರು ಆ ಮರದ ಕುರ್ಚಿಯನ್ನು ತಾವೇ ಎಳೆದು ತಂದು ಅವನ ಹಿಂದೆ ಇಟ್ಟರು. ದಿಂಬು ಕೊಡವಿ, ಕತ್ತರಿಸಿದ ಭಾಗ ಹಿಂದೆ ಬರುವಂತೆ ಹಾಸಿದರು.

"ದಫೇದಾರ್ರೇ, ಕೂತ್ಕೊಳ್ಳಿ."

ದಫೇದಾರ ಕೂತ. ಬಂಡೆ ಸಾಹೇಬರಿಗೆ ಕೂರುವ ಆತುರವೇನೂ ಇರಲಿಲ್ಲ, ಅವರು ಕೂರದೆ ಬೇರೆ ಯಾರಿಗೂ ಕೂರಲು ಧೈರ್ಯ ಬರಲಿಲ್ಲ. ಹಾಗಾಗಿ ಬಹಳ ಹೊತ್ತಿನವರೆಗೆ ಇಡೀ ಕೋರ್ಟು ನಿಂತೇ ಇತ್ತು, ದಫೇದಾರನೊಬ್ಬ ಕೂತಿದ್ದ.