ಕ್ಲೀನರಿಗೆಂದು ಕೇಳಿದ ಟ್ಯೂಬು

“ಕಳೆದ ಸಲದ್ದೇ ಟ್ಯೂಬು ಕೊಡಿ. ನಮ್ಮ ಕ್ಲೀನರಿಗೆ.”

ಫರಂಗಿಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಲೋಕನಾಥ ಸ್ವರ ತಗ್ಗಿಸಿ ಕೇಳಿದ. ಮಿಜಾರಿನ ಕಾಲೇಜಿಗೆ ಬಸ್ಸು ಓಡಿಸುವ ಅವನ ಗುರುತು ಬಂಟ್ವಾಳದಲ್ಲಿ ಎಲ್ಲರಿಗೂ ಇತ್ತು. ಅದಕ್ಕೇ ಭಾನುವಾರ ನೋಡಿ ಬೈಕಿನಲ್ಲಿ ಇಷ್ಟು ದೂರ ಬರುತ್ತಿದ್ದ.

“ಆರು ತಿಂಗಳಾಯ್ತು ಮಾರಾಯ್ರೆ,” ಅಂಗಡಿಯ ರವೂಫ್ ಟ್ಯೂಬನ್ನು ಪೇಪರಿನಲ್ಲಿ ಸುತ್ತಿದ. “ನಿಮ್ಮ ಕ್ಲೀನರ್ ಇದನ್ನು ಚಪಾತಿಗೆ ಹಚ್ಚಿ ತಿನ್ನುವುದಾ? ಒಮ್ಮೆ ಡಾಕ್ಟರಿಗೆ ತೋರಿಸ್ಲಿಕ್ಕೆ ಹೇಳಿ.”

“ಹೇಳ್ತೇನೆ.”

ಬಸ್ಸಿಗೆ ಕ್ಲೀನರೇ ಇರಲಿಲ್ಲ. ಬಾಗಿಲ ಬದಿಯ ಆ ಸೀಟು ಎರಡು ವರ್ಷದಿಂದ ಖಾಲಿ.

ತುರಿಕೆ ತೊಡೆಸಂದಿಯಲ್ಲಿ ಶುರುವಾಗಿ ಗುಪ್ತಾಂಗದವರೆಗೆ ಹಬ್ಬಿತ್ತು. ಮುಲಾಮು ಹಚ್ಚಿದರೆ ನಾಲ್ಕೇ ದಿನಕ್ಕೆ ಮಾಯ. ಬಿಟ್ಟರೆ ಮತ್ತೆ, ಮೊದಲಿಗಿಂತ ಅಗಲವಾಗಿ. ಮದುವೆಗೆ ಮುಂಚೆ ಮುಂಬಯಿಯ ಹೋಟೆಲಿನಲ್ಲಿ ದುಡಿಯುತ್ತಿದ್ದಾಗ ಗೆಳೆಯರ ಜೊತೆ ಒಮ್ಮೆ ಒಬ್ಬ ಹೆಂಗಸಿನ ಕೋಣೆಗೆ ಹೋಗಿದ್ದ. ಒಂಬತ್ತು ವರ್ಷ ಹಿಂದಿನ ಆ ಒಂದು ಗಂಟೆಯೇ ಈಗ ಚರ್ಮದ ಮೇಲೆ ಎದ್ದಿದೆ ಎಂದು ನಂಬಿದ್ದ. ಬೆನ್ನುನೋವೆಂದು ನೆಪ ಹೇಳಿ ಚಾವಡಿಯ ಬೆಂಚಿನಲ್ಲಿ ಮಲಗತೊಡಗಿದ. ಹೆಂಡತಿ ಶಶಿಪ್ರಭಾ ಏನೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುವುದೆಂದು ಹೆದರುತ್ತಿದ್ದವನು, ಅವಳು ಕೇಳಲಿಲ್ಲವಲ್ಲ ಎಂದು ಬೆಂಚಿನ ಮೇಲೆ ಎಚ್ಚರವಾಗಿ ಬಿದ್ದಿರುತ್ತಿದ್ದ.

ಆ ದಿನ ಹೊಸ ಟ್ಯೂಬನ್ನು ಮನೆಯ ಸ್ಪ್ಯಾನರ್ ಡಬ್ಬಿಯಲ್ಲಿ ಅಡಗಿಸುವಾಗ ಹಳೆಯದು ಕೈಗೆ ಸಿಕ್ಕಿತು. ಅವನು ಯಾವಾಗಲೂ ಬುಡದಿಂದ ಸುರುಳಿ ಸುತ್ತುತ್ತ ಬರುವವನು. ಇದನ್ನು ನಡುವಿನಲ್ಲಿ ಹಿಚುಕಲಾಗಿತ್ತು. ಮನೆಯಲ್ಲಿ ಇರುವುದು ಇಬ್ಬರೇ.

ಇವಳಿಗೆ ಯಾರಿಂದ ಬಂತು? ಮೊದಲು ಹೊಳೆದದ್ದು ಅದು. ಮರುಕ್ಷಣ ತನ್ನ ಬಗ್ಗೆಯೇ ಅಸಹ್ಯವಾಯಿತು.

ಮರುದಿನ ವಿದ್ಯಾರ್ಥಿಗಳನ್ನು ಇಳಿಸಿದವನು ಮೂಡುಬಿದಿರೆಯ ಚರ್ಮದ ಡಾಕ್ಟರರಲ್ಲಿಗೆ ಹೋದ. ಒಳಗೆ ಇದ್ದದ್ದು ಅವನಿಗಿಂತ ಸಣ್ಣ ಪ್ರಾಯದ ಹೆಂಗಸು, ಡಾಕ್ಟರ್ ರಾಫಿಯಾ.

“ನನಗಲ್ಲ, ನಮ್ಮ ಕ್ಲೀನರಿಗೆ.”

“ಆಗ್ಬಹುದು. ಅವರೆಲ್ಲಿ? ನೋಡದೆ ಮದ್ದು ಕೊಡ್ಲಿಕ್ಕೆ ಆಗುದಿಲ್ಲ.”

ಲೋಕನಾಥ ಬಾಗಿಲ ಕಡೆ ನೋಡಿದ. ಆಮೇಲೆ ಟ್ಯೂಬನ್ನು ಮೇಜಿನ ಮೇಲಿಟ್ಟ. “ನಾನೇ.”

ಮುಂಬಯಿಯ ಸಂಗತಿಯನ್ನೂ ಹೇಳಿದ. ಅವರು ಪರೀಕ್ಷಿಸಿ, ಕೈ ತೊಳೆದು ಬಂದರು.

“ಇದು ಹುಳುಕಡ್ಡಿ, ಮುಂಬಯಿಯಿಂದ ಬಂದದ್ದಲ್ಲ. ಇಡೀ ದಿನ ಬಿಸಿ ಸೀಟಿನಲ್ಲಿ ಬೆವರ್ತೀರಲ್ಲ. ಈ ಟ್ಯೂಬಿನಲ್ಲಿ ಸ್ಟೀರಾಯ್ಡ್ ಉಂಟು. ತುರಿಕೆ ಅಡಗ್ತದೆ, ರೋಗ ಒಳಗೆ ಬೆಳೀತದೆ. ಹಳೇ ಹೆದರಿಕೆಗೆ ರಕ್ತ ಪರೀಕ್ಷೆ ಮಾಡಿಸುವ. ಮನೆಯವರಿಗೂ ಉಂಟಾ?”

“ಉಂಟು ಅಂತ ಕಾಣ್ತದೆ.”

“ಅವರನ್ನೂ ಕರ್ಕೊಂಡು ಬನ್ನಿ. ಬಟ್ಟೆ, ಟವೆಲಿನಿಂದಲೂ ಹರಡ್ತದೆ, ಒಬ್ಬರಿಗೆ ಮಾತ್ರ ಮದ್ದು ಮಾಡಿದ್ರೆ ಮತ್ತೆ ಬರ್ತದೆ.”

ಸಂಜೆ ಶಶಿಪ್ರಭಾ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಲೋಕನಾಥ ಎದುರು ಕೂತು ಟ್ಯೂಬುಗಳನ್ನು ನೆಲದ ಮೇಲಿಟ್ಟ. ಮುಂಬಯಿಯಿಂದ ಹಿಡಿದು ಇಲ್ಲದ ಕ್ಲೀನರಿನವರೆಗೆ ಹೇಳಿದ. “ರಕ್ತ ಕೊಟ್ಟು ಬಂದಿದ್ದೇನೆ. ನಾಳೆ ಗೊತ್ತಾಗ್ತದೆ. ಡಾಕ್ಟರು ನಿನ್ನನ್ನೂ ಕರ್ಕೊಂಡು ಬರ್ಲಿಕ್ಕೆ ಹೇಳಿದ್ದಾರೆ.”

ಅವಳು ತಲೆ ಎತ್ತದೆ ಎರಡು ಬೀಡಿ ಕಟ್ಟಿದಳು. ಮೂರನೆಯದರ ಎಲೆ ಹರಿಯಿತು.

“ನನಗೆ ನಾಲ್ಕು ತಿಂಗಳಿಂದ ಉಂಟು. ಹೇಳಿದ್ರೆ ನನ್ನನ್ನೇ ಸಂಶಯ ಮಾಡ್ತೀರಿ ಅಂತ ಸುಮ್ಮನಿದ್ದೆ.”

“ಮಾಡಿದೆ,” ಎಂದ ಅವನು. “ಒಂದು ಗಳಿಗೆ.”

“ನನಗೆ ಗೊತ್ತಿತ್ತು.” ಹರಿದ ಎಲೆಯನ್ನು ಬದಿಗೆ ಹಾಕಿದಳು. “ಮುಂಬಯಿಯದ್ದಕ್ಕೆ ಸಿಟ್ಟು ಉಂಟು. ಅದನ್ನು ಇನ್ನೊಂದು ದಿನ ಮಾತಾಡುವ. ನಾಳೆ ಎಷ್ಟು ಗಂಟೆಗೆ?”

“ಬೆಳಿಗ್ಗೆ ಬಸ್ಸಿನಲ್ಲೇ ಬಾ.”

“ಚೀಟಿ ನನ್ನ ಹೆಸರಲ್ಲೇ ಮಾಡಿಸಿ. ಅಲ್ಲಿ ಕ್ಲೀನರಿನ ಹೆಂಡತಿ ಅಂತ ಹೇಳ್ಬೇಡಿ.”

ಮರುದಿನ ಶಶಿಪ್ರಭಾ ಬಾಗಿಲ ಬದಿಯ ಸೀಟಿನ ಧೂಳನ್ನು ಸೆರಗಿನಿಂದ ಒರೆಸಿ ಕೂತಳು. ಮಿಜಾರಿನವರೆಗೂ ಕಿಟಕಿಯಾಚೆಗೇ ನೋಡುತ್ತಿದ್ದಳು. ತಿರುವು ಬಂದಾಗ ಮಾತ್ರ ಅವನ ಸೀಟಿನ ಹಿಂದಿನ ಕಂಬಿಯನ್ನು ಹಿಡಿದುಕೊಳ್ಳುತ್ತಿದ್ದಳು.