ಹಾವಿನವಳ ಬಾಗಿಲು

"ಅತ್ತ ಅಲ್ಲ ಸಿಪ್ರಿ ಮಾಮ, ಈ ಕಡೆ," ಎಂದು ನಿಯೆವೆಸ್ ಶವಪೆಟ್ಟಿಗೆಗೆ ಅಡ್ಡ ನಿಂತಳು.

ಮುಂದೆ ಹೆಗಲು ಕೊಟ್ಟಿದ್ದ ಸಿಪ್ರಿಯಾನೊ ಆಗಲೇ ಚರ್ಚಿನ ಪಕ್ಕದ ಬಾಗಿಲ ಕಡೆಗೆ ತಿರುಗಿಬಿಟ್ಟಿದ್ದ. ಅವನ ಹಿಂದಿದ್ದವರೂ ತಿರುಗಿದ್ದರು. ಹೊತ್ತವರಲ್ಲಿ ಕಿರಿಯವನಿಗೇ ಅರವತ್ತು ದಾಟಿತ್ತು. ಅವರಿಗೆ ನಿಲ್ಲುವುದು ಕಷ್ಟ, ಮತ್ತೆ ತಿರುಗುವುದು ಇನ್ನೂ ಕಷ್ಟ.

"ಈ ಕಡೆ ಅಂದ್ರೆ ಯಾವ ಕಡೆನೇ?"

"ದೊಡ್ಡ ಬಾಗಿಲು. ಅಮ್ಮ ಇವತ್ತು ದೊಡ್ಡ ಬಾಗಿಲಿಂದ ಒಳಗೆ ಹೋಗ್ಲಿ."

ಕಪ್ಪು ಬಟ್ಟೆ ಉಟ್ಟು ಹಿಂದೆ ಬರುತ್ತಿದ್ದ ಮುದುಕಿಯರ ಸಾಲು ಗಕ್ಕನೆ ನಿಂತಿತು. ಯಾರೋ ಒಬ್ಬಳು, "ಹಾವಿನವಳ ಬಾಗಿಲಿಂದ್ಲಾ?" ಎಂದು ಪಿಸುಗುಟ್ಟಿದಳು. ನಮ್ಮೂರಿನಲ್ಲಿ ಪಿಸುಮಾತು ಎಂದರೆ ಎಲ್ಲರಿಗೂ ಕೇಳಿಸಲೆಂದೇ ಆಡುವುದು.

ಸಾನ್ ಮಾಮೆಸ್ ಮಠದ ಸನ್ಯಾಸಿಗಳು ನನ್ನ ಮುತ್ತಜ್ಜನ ಕಾಲಕ್ಕೇ ಊರು ಬಿಟ್ಟರು. ಚರ್ಚನ್ನೂ ಅದರ ಗೋಡೆಯ ತುಂಬ ಕೆತ್ತಿದ ಕಲ್ಲಿನ ಜನರನ್ನೂ ನಮಗೆ ಬಿಟ್ಟುಹೋದರು. ದೊಡ್ಡ ಬಾಗಿಲ ಮೇಲೆ ಕ್ರಿಸ್ತ ನ್ಯಾಯ ಹೇಳಲು ಕೂತಿದ್ದಾನೆ. ನೋಡುವವರ ಎಡಕ್ಕೆ ಸ್ವರ್ಗಕ್ಕೆ ಹೋಗುವವರು, ಬಲಕ್ಕೆ ನರಕಕ್ಕೆ ಹೋಗುವವರು. ಆ ಬಲಗಡೆಯ ಕಂಬದ ತಲೆಯಲ್ಲಿ ಒಬ್ಬ ಬತ್ತಲೆ ಹೆಂಗಸು; ಎರಡು ಹಾವುಗಳು ಅವಳ ಎರಡು ಮೊಲೆಗಳನ್ನು ಕಚ್ಚಿಕೊಂಡು ಜೋತಾಡುತ್ತಿವೆ. ಅವಳು ಏನು ಪಾಪ ಮಾಡಿದ್ದಳೆಂದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಊರಿನವರು ಅವಳನ್ನು ಹಾವಿನವಳು ಎನ್ನುತ್ತಿದ್ದರು. ಅದೇ ಹೆಸರನ್ನು ಕಸಿಲ್ದಾಳಿಗೂ ಇಟ್ಟರು. ಅವಳು ಇಂದು ಸಿಪ್ರಿಯಾನೊನ ಹೆಗಲ ಮೇಲೆ ಸುಮ್ಮನೆ ಮಲಗಿದ್ದಳು.

ಮಠದ ಬೀಗದ ಕೈ ಅವಳ ಬಳಿ ಇರುತ್ತಿತ್ತು. ಮದುವೆಯೋ ನಾಮಕರಣವೋ ಇದ್ದರೆ ಅವಳು ಪಕ್ಕದ ಬಾಗಿಲಿಂದ ಒಳಗೆ ಹೋಗಿ, ಒಳಗಿನಿಂದ ದೊಡ್ಡ ಬಾಗಿಲ ಅಗುಳಿ ತೆಗೆದು ಊರನ್ನೆಲ್ಲ ಬರಮಾಡಿಕೊಳ್ಳುತ್ತಿದ್ದಳು. ತಾನು ಮಾತ್ರ ಆ ಹೊಸ್ತಿಲು ದಾಟುತ್ತಿರಲಿಲ್ಲ.

"ಯಾವ ಬಾಗಿಲಾದ್ರೇನಮ್ಮ? ಒಳಗಿರೋ ದೇವರು ಒಬ್ನೇ," ಎಂದರು ಪಾದ್ರಿ. ಅವರಿಗೆ ಮಧ್ಯಾಹ್ನ ಪಕ್ಕದೂರಿನಲ್ಲಿ ಇನ್ನೊಂದು ಹೆಣ ಕಾಯುತ್ತಿತ್ತು.

"ಹಾಗಾದ್ರೆ ದೊಡ್ಡದೇ ಆಗ್ಲಿ ಬಿಡಿ ಸ್ವಾಮಿ."

"ಬೇಗ ಏನಾದ್ರೂ ಒಂದು ಮಾಡ್ರಪ್ಪ," ಎಂದು ಸಿಪ್ರಿಯಾನೊ ಏದುಸಿರು ಬಿಟ್ಟ. "ಒಳಗೆ ವೀಣೆ ಬಾರಿಸೋ ಕತ್ತೆ ಕೆತ್ತಿದಾರಲ್ಲ, ಅದಕ್ಕೆ ಇವಳು ನನ್ನ ಹೆಸರಿಟ್ಟಿದ್ಲು. ನಾನು ಓಲಗ ಊದೋದು ಅದಕ್ಕಿಂತ ಕಡೆ ಅಂತ. ಈಗ ನೋಡಿದ್ರೆ ಹೊರೋ ಕೆಲಸನೂ ಕತ್ತೆಗೇ ಬಂತು." ನಗುತ್ತಲೇ ಅವನ ಕಣ್ಣಲ್ಲಿ ನೀರು ತುಂಬಿತು.

ಪಕ್ಕದ ಬಾಗಿಲ ಹತ್ತಿರ ಬೀಗದ ಕೈ ಹಿಡಿದು ನಿಂತಿದ್ದವಳು ಒರೆನ್ಸಿಯಾ, ಸತ್ತವಳ ಒಡಹುಟ್ಟಿದ ಅಕ್ಕ. ನಿಯೆವೆಸ್ ಅವಳತ್ತ ತಿರುಗಿದಳು.

"ದೊಡ್ಡಮ್ಮ, ಒಳಗೆ ಹೋಗಿ ಅಗುಳಿ ತೆಗೀರಿ."

"ಅವಳೇ ಜೀವಮಾನ ಎಲ್ಲ ಈ ಬಾಗಿಲಲ್ಲಿ ಓಡಾಡಿದಾಳೆ. ಅಲ್ಲಿ ಬರಬೇಡ ಅಂತ ಯಾರಾದ್ರೂ ಅಂದಿದ್ರಾ?"

"ಬೇಡ ಅಂತ ಯಾರೂ ಅನ್ನಲಿಲ್ಲ. ಬಾ ಅಂತಾನೂ ಯಾರೂ ಅನ್ನಲಿಲ್ಲ. ನೀವೂ ಅನ್ನಲಿಲ್ಲ."

ಒರೆನ್ಸಿಯಾ ಬೀಗದ ಕೈಯನ್ನು ಪಕ್ಕದ ಬಾಗಿಲಿಗೆ ತೂರಿಸಿದಳು.

*

ಈಸ್ಟರಿಗೆ ಮುಂಚಿನ ಉಪವಾಸದ ಕಾಲ ಶುರುವಾಗುವ ಹಿಂದಿನ ದಿನ ಹಾವಿನವಳಿಗೆ ಕೆಸರು ಎಸೆಯುವುದು ನಮ್ಮೂರಿನ ಪದ್ಧತಿಯಾಗಿತ್ತು. ಮುಖಕ್ಕೆ ಗುರಿಯಿಟ್ಟು ಹೊಡೆದವರಿಗೆ ಜೇನು ಸವರಿದ ಕರಿದ ತಿಂಡಿ. ಆ ಮೇಲೆ ಕಲ್ಲನ್ನು ತೊಳೆಯುವುದು ಚರ್ಚು ನೋಡಿಕೊಳ್ಳುವ ಮನೆಯವರ ಕೆಲಸ. ಒರೆನ್ಸಿಯಾ, ಕಸಿಲ್ದಾ ಆ ಮನೆಯ ಹೆಣ್ಣುಮಕ್ಕಳು.

ಆ ವರ್ಷ ಕಸಿಲ್ದಾಳಿಗೆ ಹೊಟ್ಟೆ ಮುಂದೆ ಬಂದಿತ್ತು. ಗಲೀಸಿಯಾ ಕಡೆಯಿಂದ ಗೋಧಿ ಕೊಯ್ಯಲು ಬಂದಿದ್ದವನೊಬ್ಬ ಕುಡುಗೋಲು ಹೆಗಲಿಗೇರಿಸಿ ಹೋದವನು ತಿರುಗಿ ಬಂದಿರಲಿಲ್ಲ. ಅವಳು ಬಕೆಟ್ಟು, ಬಟ್ಟೆ ಹಿಡಿದು ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಮೇಲೆ ಕಲ್ಲಿನವಳು, ಕೆಳಗೆ ಇವಳು.

"ಈ ವರ್ಷ ಇಬ್ಬರಿದ್ದಾರೆ ಕಣ್ರೋ!" ಎಂದು ಗುಂಪಿನಲ್ಲಿ ಯಾರೋ ಕೂಗಿದರು. ಎಲ್ಲರೂ ನಕ್ಕರು. ಆದರೂ ಎಸೆಯಲು ಯಾರ ಕೈಯೂ ಮೇಲೇಳಲಿಲ್ಲ. ನಮ್ಮವರಿಗೆ ಬಾಯಿ ಜೋರು, ಕೈ ಹೇಡಿ.

ಒರೆನ್ಸಿಯಾಳ ಮದುವೆ ನಿಶ್ಚಯವಾಗಿತ್ತು. ಗಂಡಿನ ತಾಯಿ ತೋಳು ಕಟ್ಟಿಕೊಂಡು ನಿಂತಿದ್ದಳು. ತಂಗಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ, "ಒಂದೇ ಹೊಟ್ಟೇಲಿ ಹುಟ್ಟಿದವರಲ್ವಾ," ಎಂದಳು. ಅಷ್ಟೇ ಅಂದದ್ದು.

ಒರೆನ್ಸಿಯಾ ಬಗ್ಗಿದಳು. ಕೈತುಂಬ ಕೆಸರು ಬಾಚಿ ತಂಗಿಯ ಮುಖಕ್ಕೆ ಎಸೆದಳು.

ಮೊದಲನೆಯದು ಬಿದ್ದ ಮೇಲೆ ಉಳಿದವರಿಗೆ ಧೈರ್ಯ ಬಂತು.

ಕಸಿಲ್ದಾ ಕೂಗಲಿಲ್ಲ, ಓಡಲೂ ಇಲ್ಲ. ಎಲ್ಲ ಮುಗಿದ ಮೇಲೆ ಪುಟ್ಟ ಏಣಿ ಹತ್ತಿ ಮೊದಲು ಕಲ್ಲಿನವಳ ಮುಖ ತೊಳೆದಳು. ಉಳಿದ ನೀರಿನಲ್ಲಿ ತನ್ನ ಮುಖ ತೊಳೆದುಕೊಂಡಳು. ಬಕೆಟ್ಟು ಎತ್ತಿಕೊಂಡು ಪಕ್ಕದ ಬಾಗಿಲಿಂದ ಒಳಗೆ ಹೋದಳು.

ಒರೆನ್ಸಿಯಾಳ ಮದುವೆಯಾಯಿತು. ಆ ದಿನ ದೊಡ್ಡ ಬಾಗಿಲ ಅಗುಳಿ ತೆಗೆದವಳೂ ಕಸಿಲ್ದಾಳೇ. ಆಮೇಲೆ ಅಕ್ಕ ತಂಗಿ ಒಂದೇ ಬೀದಿಯಲ್ಲಿ ಮುದುಕಿಯರಾದರು. ಮೊಲ ಸಾಕಿ, ಚರ್ಚಿನ ಬಟ್ಟೆ ಒಗೆದು ಕಸಿಲ್ದಾ ಮಗಳನ್ನು ಬೆಳೆಸಿದಳು. ಒಬ್ಬರಿಗೊಬ್ಬರು ಎದುರಾದರೆ ಚಳಿಯ ಮಾತು, ಬ್ರೆಡ್ಡಿನ ಮಾತು, ಅಷ್ಟೇ. ಕೆಸರು ಎಸೆಯುವುದೂ ಕೊನೆಗೆ ನಿಂತಿತು. ಊರಿಗೆ ಬುದ್ಧಿ ಬಂದು ನಿಂತದ್ದಲ್ಲ; ಎಸೆಯಲು ಮಕ್ಕಳೇ ಇಲ್ಲದೆ ನಿಂತದ್ದು. ಕಸಿಲ್ದಾ ಮಾತ್ರ ಒರೆಸುವುದನ್ನು ನಿಲ್ಲಿಸಲಿಲ್ಲ. ಕೆಸರಿರಲಿ ಬಿಡಲಿ, ಪ್ರತಿ ಶನಿವಾರ ಏಣಿ ಹತ್ತುತ್ತಿದ್ದಳು.

*

ಒಳಗೆ ಅಗುಳಿ ಜರುಗಿದ ಸದ್ದು ಕೇಳಿಸಿತು. ಎರಡು ಕದಗಳೂ ಕಿರುಗುಟ್ಟುತ್ತ ತೆರೆದವು. ಒರೆನ್ಸಿಯಾ ಹೊಸ್ತಿಲ ಮೇಲೆ ನಿಂತಿದ್ದಳು. ಪೆಟ್ಟಿಗೆಗೆ ದಾರಿ ಬಿಡಲು ಹೊರಗೆ ಬಂದು ಕಂಬದ ಪಕ್ಕಕ್ಕೆ ಸರಿದಳು. ಇಷ್ಟು ವರ್ಷ ಈ ಬಾಗಿಲಲ್ಲಿ ತಲೆ ತಗ್ಗಿಸಿಯೇ ಓಡಾಡಿದ್ದವಳು ಈಗ ತಲೆ ಎತ್ತಿದಳು.

ಮೇಲಿನ ಸಂತರೆಲ್ಲ ಪಾಚಿ ಕಟ್ಟಿ ಕಪ್ಪಗಾಗಿದ್ದರು. ಕಲ್ಲಿನವಳೊಬ್ಬಳು ಬೆಳ್ಳಗಿದ್ದಳು. ಮೂಗು ಸವೆದಿತ್ತು, ಕಣ್ಣು ಸವೆದಿತ್ತು.

"ಹಾವೆಲ್ಲಿ?" ಎಂದಳು ಒರೆನ್ಸಿಯಾ.

"ಮೆತ್ತಗಿನ ಕಲ್ಲು ದೊಡ್ಡಮ್ಮ. ಅಮ್ಮ ಒರೆಸಿ ಒರೆಸಿ ಹೆಡೆ ಎಲ್ಲ ಸವೆದುಹೋಯ್ತು," ಎಂದಳು ನಿಯೆವೆಸ್. "ಈಗ ನೋಡಿ, ಎರಡು ಕೂಸು ಹಾಲು ಕುಡಿಯೋ ಹಾಗೆ ಕಾಣುತ್ವೆ."

ಪೆಟ್ಟಿಗೆ ಅವರಿಬ್ಬರ ನಡುವೆ ಹಾದು ಒಳಗೆ ಹೋಯಿತು. ಸಿಪ್ರಿಯಾನೊ ಹೊಸ್ತಿಲಲ್ಲಿ, "ಬಾರೇ ಕಸಿಲ್ದಾ, ಬಾ," ಎಂದ. ಮುದುಕಿಯರು ಗೊಳೋ ಎಂದು ಅತ್ತರು. ಈ ಮಾತನ್ನು ಅವಳಿಗೆ ಕಿವಿ ಕೇಳಿಸುತ್ತಿದ್ದಾಗ ಆಡಲು ಇವರಿಗೇನು ಧಾಡಿಯಾಗಿತ್ತೋ!

ಪೂಜೆ ಮುಗಿಸಿ, ಮಠದ ಹಿಂದಿನ ಸ್ಮಶಾನದಲ್ಲಿ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿದರು. ಹಿಂದಿನ ದಿನ ಮಳೆ ಬಂದು ಮಣ್ಣು ಹಸಿಯಾಗಿತ್ತು. ಒಂದು ಹಿಡಿ ಎತ್ತಿ, ಮುತ್ತಿಟ್ಟು, ಒಳಗೆ ಹಾಕುವುದು ವಾಡಿಕೆ. ನಿಯೆವೆಸ್ ಹಾಕಿದಳು. ಸಿಪ್ರಿಯಾನೊ ಹಾಕಿದ. ಮುದುಕಿಯರು ಒಬ್ಬೊಬ್ಬರಾಗಿ ಹಾಕಿದರು. ಕೊನೆಗೆ ಒರೆನ್ಸಿಯಾ ಬಗ್ಗಿದಳು. ಮಣ್ಣು ಎತ್ತಿದಳು, ಮುತ್ತಿಟ್ಟಳು, ಕೈ ಮೇಲೆತ್ತಿದಳು. ಎತ್ತಿದ ಕೈ ಹಾಗೇ ನಿಂತಿತು.

ಪಾದ್ರಿ ಗಡಿಯಾರ ನೋಡಿಕೊಂಡರು.

"ಹಾಕಮ್ಮ ಒರೆನ್ಸಿಯಾ," ಎಂದ ಸಿಪ್ರಿಯಾನೊ ಮೆಲ್ಲಗೆ.

"ಆಗಲ್ಲ ಕಣೋ," ಎಂದಳು. "ನಾನು ಆಗಲೇ ಹಾಕಿದೀನಿ."

ಯಾವಾಗ ಎಂದು ಯಾರೂ ಕೇಳಲಿಲ್ಲ. ಅಲ್ಲಿದ್ದ ಮುದುಕಿಯರೆಲ್ಲ ಆ ದಿನ ಎರಡನೆಯದನ್ನೋ ಮೂರನೆಯದನ್ನೋ ಎಸೆದವರೇ. ಗುದ್ದಲಿಯವರು ಬಂದು ಗುಂಡಿ ಮುಚ್ಚಿದರು.

ನಿಯೆವೆಸ್ ದೊಡ್ಡಮ್ಮನ ತೋಳು ಹಿಡಿದು ಕರೆತಂದಳು. ದೊಡ್ಡ ಬಾಗಿಲು ಇನ್ನೂ ತೆರೆದೇ ಇತ್ತು. ಕಂಬದ ಬುಡದಲ್ಲಿ ಕಸಿಲ್ದಾಳ ಬಕೆಟ್ಟು ಅವಳು ಕಳೆದ ಶನಿವಾರ ಇಟ್ಟಲ್ಲೇ ಇತ್ತು. ಅದರಲ್ಲಿ ಮಳೆನೀರು ನಿಂತಿತ್ತು. ನಿಯೆವೆಸ್ ಅಂಚಿನ ಮೇಲಿದ್ದ ಬಟ್ಟೆಯನ್ನು ಅದ್ದಿ ಹಿಂಡಿ, ಒರೆನ್ಸಿಯಾಳ ತುಟಿಗೆ ಅಂಟಿದ್ದ ಮಣ್ಣನ್ನು ಒರೆಸತೊಡಗಿದಳು. ಒರೆನ್ಸಿಯಾ ಕಣ್ಣು ಮುಚ್ಚಿ, ಮಗುವಿನಂತೆ ಮುಖ ಒಡ್ಡಿ ನಿಂತಳು.

"ಕೈ ಕೊಡಿ ದೊಡ್ಡಮ್ಮ, ಅದನ್ನೂ ತೊಳೀತೀನಿ."

ಒರೆನ್ಸಿಯಾ ಮುಷ್ಟಿಯನ್ನು ಎದೆಗೆ ಒತ್ತಿಕೊಂಡಳು. ಬೆರಳ ಸಂದಿಯಿಂದ ಕೆಸರು ಜಿನುಗಿ ಕಪ್ಪು ರವಿಕೆಯ ಮೇಲೆ ಇಳಿಯುತ್ತಿತ್ತು. ಅವಳು ಬಿಚ್ಚಲಿಲ್ಲ.